ಬೋರಲು ಹಾಕಿದ ನಾಲ್ಕು ತಾಟು

ತೆಂಗಿನ ಹಾಲು ಬಾಣಲೆಯ ಅಂಚಿನಲ್ಲಿ ಬುಳುಬುಳು ಅನ್ನುತ್ತಿದೆ, ಥೇಟ್ ನಮ್ಮ ಕಾಲೇಜಿನ ಪ್ರಿನ್ಸಿಪಾಲರು ಎಲೆ ಅಡಿಕೆ ದವಡೆಗಿಟ್ಟುಕೊಂಡು ಭಾಷಣ ಮಾಡಿದ ಹಾಗೆ — ನಾನು ಆ ದನಿ ತೆಗೆದರೆ ಇಡೀ ಹಾಸ್ಟೆಲ್ಲು ಹೊಟ್ಟೆ ಹಿಡಿದುಕೊಳ್ಳುತ್ತಿತ್ತು, ಇನ್ನೊಮ್ಮೆ ಪ್ರಾಜಕ್ತಾ, ಇನ್ನೊಮ್ಮೆ — ಈಗ ಕೊಂಡಾಪುರದ ಏಳನೇ ಮಹಡಿಯಲ್ಲಿ ಕೇಳುವುದಕ್ಕೆ ಈ ಬಾಣಲೆಯೊಂದೇ, ಇರಲಿ, ನಿನಗೇ ಹೇಳುತ್ತೇನೆ ಬಾಣಲೆಯೇ, ಕಟ್ಟಿದ ಕಥೆಯಲ್ಲ, ನಡೆಯುತ್ತಿರುವಾಗಲೇ ಕೇಳು. ಬೆಳಗಿನ ಅನ್ನ ಉಳಿದಿದೆ, ಬಳ್ಳೊಳ್ಳಿ, ಹಸಿಮೆಣಸು, ಬಾಲ್ಕನಿ ಕುಂಡದ ಕಾಮಕಸ್ತೂರಿ ಎಲೆ, ನಿಂಬೆಹುಳಿ, ಚೂರು ಬೆಲ್ಲ, ಇಪ್ಪತ್ತೇ ನಿಮಿಷದ ಥಾಯಿ ಅನ್ನ — ತಾಯಿ ಅನ್ನ ಅಂತ ಊಟಕ್ಕೆ ಕೂತಾಗ ಹೇಳಬೇಕು, ಮಗಳು ಮಾನಸಾ ಕಣ್ಣು ಮೇಲೆ ಮಾಡುತ್ತಾಳೆ, ಮಾಡಲಿ, ಅವಳ ಕಣ್ಣಾದರೂ ಕಾಣುತ್ತದೆ. ಹುರಿದ ಶೇಂಗಾ ಮುಗಿದಿದೆ, ನಾನೇ ಕುಟ್ಟಿದ ಶೇಂಗಾ ಹಿಂಡಿ, ಅದೇ ಚಟ್ನಿಪುಡಿ, ಇದೆ, ಥಾಯ್ಲೆಂಡಿನವರು ಕ್ಷಮಿಸಲಿ, ಎರಡು ಚಮಚ, ಹದಿನೇಳು ವರ್ಷದಿಂದ ಈ ಮನೆಯ ನಾಲಿಗೆ ಬಲ್ಲ ರುಚಿ. ಮೇಜಿನ ಮೇಲೆ ನಾಲ್ಕು ತಾಟು, ಒರೆಸಿ ಬೋರಲು ಹಾಕಿದ್ದೇನೆ.

ಊಟಕ್ಕ ಬರ್ರೀ — ಇದು ನನ್ನದೇ ದನಿ, ಬರೀ ನನ್ನದು, ಅದಕ್ಕೇ ಯಾರೂ ಏಳುವುದಿಲ್ಲ. ನಮ್ಮ ಯಜಮಾನರು, ಇವರ ಕೋಣೆಯಿಂದ, ಐದು ಮಿನಿಟು, ಮೀಟಿಂಗಿನ್ಯಾಗ ಅದೀನಿ. ಮಾನಸಾ, ಇಲ್ಲೇ ತಂದುಕೊಡಮ್ಮಾ, ಓದಾಕತ್ತೀನಿ. ಮಗ ಋಷಭನ ಕಿವಿಯಲ್ಲಿ ಹೆಡ್‌ಫೋನು. ನಿನ್ನೆಯೂ ಹೀಗೇ, ಮೊನ್ನೆಯೂ, ಮೂರು ತಾಟು ಮೂರು ಬಾಗಿಲಾಚೆ ಹೋದವು, ನಾನು ಅಡುಗೆ ಕಟ್ಟೆಗೆ ಒರಗಿ ನಿಂತೇ ಉಂಡೆ, ಇವತ್ತು ಆಗುವುದಿಲ್ಲ, ಇವತ್ತು ನಾಲ್ವರೂ ಕೂತು ಉಣ್ಣಬೇಕು, ಮೂವರೂ ತಾವಾಗಿ ಹೊರಗೆ ಬರುವುದು ಯಾವಾಗ — ಗೊತ್ತು, ಹೋಟೆಲಿನ ಊಟ ಬಾಗಿಲಿಗೆ ಬಂದಾಗ! ಸಿಂಕಿನ ಕೆಳಗೆ ಹೋಟೆಲಿನ ಪಾರ್ಸೆಲ್ ಡಬ್ಬಿಗಳಿವೆ, ಕರಿ ತಳ, ಬಿಳಿ ಮುಚ್ಚಳ, ಬೇಕಾಗುತ್ತವೆ ಅಂತ ತೊಳೆದಿಟ್ಟವು, ಬೇಕಾದವು ನೋಡು, ಅನ್ನ ತುಂಬು, ಕಾಗದದ ಚೀಲಕ್ಕೆ ಇಳಿಸು, ಮುಂಬಾಗಿಲು ತೆಗೆ, ಕೈ ಚಾಚಿ ಬೆಲ್ ಒತ್ತು, ಡೆಲಿವರಿ ಹುಡುಗನ ಹಾಗೆ ಗಂಟಲು ದಪ್ಪ ಮಾಡು — ಸಾಬ್, ಆರ್ಡರ್ ಆಗಯಾ, ಲೇಲೋ!

ಮೂರೂ ಬಾಗಿಲು ಒಟ್ಟಿಗೆ ತೆರೆದವು. ಯಾರು ತರಿಸಿದ್ದು ಅಂತ ಒಬ್ಬರೂ ಕೇಳಲಿಲ್ಲ, ಚೀಲ ನನ್ನ ಕೈಯಿಂದ ಹೋಯಿತು, ನಾನೇ ಮಾಡಿದ್ದು ಅಂತ ಈಗ ಹೇಳಬೇಕು, ಈಗ, ಎಲ್ಲರೂ ನಗಬೇಕು, ಕುರ್ಚಿ ಎಳೆಯಬೇಕು — ಇವರು ನಿಂತಲ್ಲೇ ಒಂದು ಚಮಚ ಬಾಯಿಗಿಟ್ಟು, ಆಹಾ, ಶೇಂಗಾ ಹೆಂಗ ಹಾಕ್ಯಾರ ನೋಡು, ನೀನೂ ಒಮ್ಮೆ ಹಿಂಗ ಮಾಡಾಕ ಕಲಿ ಪ್ರಾಜಕ್ತಾ. ಋಷಭ್, ಬ್ಯಾಡ್ರಿ ಪಪ್ಪಾ, ಅಮ್ಮ ಇದರಾಗೂ ತನ್ನ ಹಿಂಡಿ ಸುರೀತಾಳ. ನಕ್ಕರು, ಮೂವರೂ ಒಟ್ಟಿಗೆ, ಎಷ್ಟು ದಿನವಾಗಿತ್ತು ಈ ಸದ್ದು ಕೇಳಿ, ಡಬ್ಬಿಗಳು ಒಳಗೆ ಹೋದವು, ಬಾಗಿಲುಗಳು ಟಕ್, ಟಕ್, ಟಕ್, ಚೀಲದ ತಳದಲ್ಲಿ ನನ್ನದೊಂದು ಉಳಿದಿದೆ — ಆಗ ನನಗೆ ಬಂತು ನಗು, ಅವರ ಮೂರು ನಗುವನ್ನೂ ಮುಳುಗಿಸುವಷ್ಟು ಜೋರು, ಅಣಕಿಸಿದ ಯಾರ ದನಿಯೂ ಅಲ್ಲ, ನಿಲ್ಲುತ್ತಲೇ ಇಲ್ಲ, ಒಳಗಿನಿಂದ ಇವರು, ಏ, ಸ್ವಲ್ಪ ಸಣ್ಣಗ ನಗು, ಮೀಟಿಂಗಿನ್ಯಾಗ ಕೇಳಸಾಕತ್ತೈತಿ, ನಗುತ್ತಲೇ ಇದ್ದೇನೆ, ಮೇಜಿನ ಮೇಲೆ ನಾಲ್ಕು ತಾಟು, ಒರೆಸಿ, ಬೋರಲು ಹಾಕಿದ ನಾಲ್ಕು ತಾಟು