ಹಲ್ಲಿನ ಗುರುತು

“ಕಣ್ಣ ಮುಚ್ಚ ಅಂದ್ರ ಮುಚ್ಚಬೇಕಲೇ ಕಿವುಡಿ. ಸಾಬರ ಪೋರಿಗೆ ನಮ್ಮ ಪ್ರಾರ್ಥನಾ ಸೇರೂದಿಲ್ಲೇನ?”

ಹೆಡ್‌ಮಾಸ್ತರ ಪಾಂಡುರಂಗರ ಬೆತ್ತ ಖುಷ್ಬೂಳ ಬೆರಳುಗಳ ಮೇಲೆ ಬಿತ್ತು. ಅವಳ ತಾಯಿ ರಜಿಯಾಬಿ ಮತ್ತು ನಾನು ಬಿಸಿಯೂಟದ ಕೋಣೆಯಲ್ಲಿ ಅಕ್ಕಿ ಆರಿಸುತ್ತಿದ್ದೆವು. ಸಂಶಿ ಹತ್ತಿರದ ಈ ಸಾಲೆಗೆ ಆರು ವರ್ಷದಿಂದ ನಾವಿಬ್ಬರೇ ಅಡುಗೆಯವರು.

ಖುಷ್ಬೂಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಪ್ರಾರ್ಥನೆ ಮುಗಿದದ್ದೂ ಅವಳಿಗೆ ನೋಡಿಯೇ ತಿಳಿಯಬೇಕು, ಅದಕ್ಕೇ ಕಣ್ಣು ಮುಚ್ಚುವುದಿಲ್ಲ. ಇದನ್ನು ಮಾಸ್ತರರಿಗೆ ಹತ್ತು ಸಲ ಹೇಳಿದ್ದಾಯಿತು. ಅವರ ಎರಡೂ ಕಿವಿ ಚಲೋ ಇವೆ, ಏನು ಉಪಯೋಗ.

ರಜಿಯಾಬಿ ಓಡಿದಳು. “ಸರ, ಆಕಿಗೆ ಕೇಳ್ಸಂಗಿಲ್ರಿ...”

“ಒಲಿ ನೋಡ ಹೋಗಬೇ.” ಎದೆಗೆ ಕೈಹಾಕಿ ನೂಕಿದರು. ಅವಳು ನೆಲಕ್ಕೆ ಬಿದ್ದಳು.

ಖುಷ್ಬೂಳ ವೇಲನ್ನೇ ಎಳೆದು ಅವಳ ಕಣ್ಣಿಗೆ ಬಿಗಿದರು. “ಇವತ್ತರ ಶಿಸ್ತ ಕಲೀಲಿ.” ಏಟು ಎಲ್ಲಿಂದ ಬರುತ್ತದೋ ಹುಡುಗಿಗೆ ತಿಳಿಯದು. ಬೆನ್ನಿಗೊಂದು, ಮೊಣಕಾಲಿಗೊಂದು. ಉಚ್ಚೆ ಹೊಯ್ದುಕೊಂಡಳು. ಇನ್ನೂರು ಮಕ್ಕಳು ಕಣ್ಣು ಮುಚ್ಚಿಕೊಂಡೇ ನಿಂತಿದ್ದರು. ಮಾಸ್ತರ ಅವಳ ಕೊರಳಪಟ್ಟಿ ಹಿಡಿದಾಗ ಹಲ್ಲಿಗೆ ಸಿಕ್ಕಿದ್ದನ್ನು ಕಚ್ಚಿದಳು. ಅದು ಅವರ ಕೈ.

ಮಧ್ಯಾಹ್ನ ನಮ್ಮಿಬ್ಬರನ್ನೂ ಆಫೀಸಿಗೆ ಕರೆದು ರಜಿಯಾಬಿಯ ಮುಂದೆ ಟಿ.ಸಿ. ಇಟ್ಟರು.

“ನಾಯಿ ಹಂಗ ಕಚ್ಯಾಳ, ನೋಡ. ಇಂಥಾಕಿಗೆ ಸಾಲಿ ಇಲ್ಲ. ಸಹಿ ಮಾಡ, ಇಲ್ಲಾಂದ್ರ ನಿನ್ನ ಕೆಲಸಾನೂ ಹೋತು.”

ಕಾರಣದ ಜಾಗದಲ್ಲಿ ‘ದುರ್ನಡತೆ’ ಎಂದು ಬರೆದಿತ್ತು. ಸಹಿ ಬಿದ್ದರೆ ಖುಷ್ಬೂಗೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಗೋದಾಮೇ ಗತಿ. ಬೇರೆ ಯಾವ ಸಾಲೆಯೂ ಸೇರಿಸಿಕೊಳ್ಳುವುದಿಲ್ಲ.

ರಜಿಯಾಬಿ ಪೆನ್ನು ಮುಟ್ಟಲಿಲ್ಲ. ಉಚ್ಚೆ ನಾರುವ ಆ ವೇಲು ಅವಳ ಹೆಗಲ ಮೇಲಿತ್ತು.

“ಮೈಲಾರವ್ವಾ, ಬಾಗಲಾ ಹಾಕ.”

ಹಾಕಿದೆ. ಅವಳು ಕುರ್ಚಿಯ ಹಿಂದಿನಿಂದ ವೇಲನ್ನು ಮಾಸ್ತರರ ಕಣ್ಣಿಗೆ ಬಿಗಿದಳು. ನಾನು ಎರಡೂ ಅಂಗೈಯಿಂದ ಅವರ ಕಿವಿ ಅದುಮಿದೆ. ಐವತ್ತು ಕಿಲೋ ಅಕ್ಕಿಚೀಲ ಎತ್ತುವ ಕೈ ಇವು. ರಜಿಯಾಬಿ ಬೆತ್ತ ತಗೊಂಡಳು. ಬೆನ್ನಿಗೊಂದು, ಮೊಣಕಾಲಿಗೊಂದು. ನನಗೆ ಹಿತವಾಯಿತು, ಸುಳ್ಳು ಯಾಕೆ ಹೇಳಲಿ. ಮಾಸ್ತರ ಒದರಿದರು, ಗಾಳಿಗೆ ಕೈ ಬೀಸಿದರು. ಅವಳು ಕೊರಳಪಟ್ಟಿ ಹಿಡಿದಳು. ಅವರು ಆ ಕೈಯನ್ನು ರಕ್ತ ಬರುವಂತೆ ಕಚ್ಚಿದರು.

ನಾನು ಕಿವಿ ಬಿಟ್ಟೆ. ರಜಿಯಾಬಿ ವೇಲು ಬಿಚ್ಚಿ, ರಕ್ತ ಸೋರುವ ಕೈಯನ್ನು ಟಿ.ಸಿ. ಮೇಲೆ ಊರಿದಳು.

“ನೀವೂ ಕಚ್ಚಿದ್ರಲ್ಲ ಸರ. ನಿಮ್ಮ ಟಿ.ಸಿ. ಯಾರ ಬರೀತಾರ?”