ಆರನೆಯ ಡಿಸ್ಕ್

ಪೀಣ್ಯ ಎರಡನೇ ಹಂತದಲ್ಲಿ ಮುನಿರಾಜುವಿನ ಹಳೆ ಡಿಸ್ಕ್ ಅಂಗಡಿ. ಲಾರಿಯವರ ಬಾಯಲ್ಲಿ ಡಿಸ್ಕ್ ಎಂದರೆ ಟೈರು ಕೂರುವ ಕಬ್ಬಿಣದ ಚಕ್ರ. ತುಕ್ಕು ಹಿಡಿದ ಆ ರಾಶಿಯಲ್ಲಿ ಯಾವುದು ಯಾವ ಕಾಲದ್ದು, ಯಾವ ಲಾರಿಗೆ ಕೂರುತ್ತದೆ ಎಂದು ಹೇಳುವವಳು ಮಗಳು ವೇಣಿ. ಬಿ.ಕಾಂ. ಮುಗಿಸಿದವಳು, ಗಿರಾಕಿಯ ಮುಖ ನೋಡಿ ನಾಲ್ಕು ಮಾತಾಡಲಾರಳು. ಆದರೆ ಬೋಲ್ಟಿನ ತೂತು ಎಣಿಸಿ, ನಡುವಿನ ತೂತಿಗೆ ಟೇಪು ಹಿಡಿದು ಅವಳು ‘ಇಲ್ಲ’ ಎಂದರೆ ಇಲ್ಲ. ಅದನ್ನು ಯಾರೂ ಎರಡನೇ ಸಲ ಅಳೆಯುತ್ತಿರಲಿಲ್ಲ.

ದೊಡ್ಡನೆಕ್ಕುಂದಿಯ ದೀಪುವಿಗೆ ಬೇಕಿದ್ದದ್ದು ಆರು. ತಾತ ಹನುಮಯ್ಯ ಓಡಿಸುತ್ತಿದ್ದ ಉದ್ದ ಮೂತಿಯ ಲಾರಿ ಮನೆಯ ಹಿಂದೆ ಕಲ್ಲುಗಳ ಮೇಲೆ ನಿಂತಿತ್ತು. ಈಗಿನ ಹತ್ತು ತೂತಿನವು ಅದಕ್ಕೆ ಕೂರವು. ಎಂಟು ತೂತಿನ, ಅಂಚಿಗೆ ಬಳೆಯಂಥ ಲಾಕ್ ರಿಂಗ್ ಇರುವ ಹಳೆಯವೇ ಆಗಬೇಕು. ಶನಿವಾರ ಶನಿವಾರ ಅವನೂ ವೇಣಿಯೂ ಗುಜರಿ ಅಂಗಡಿಗಳನ್ನು ಸುತ್ತಿ ಐದು ತಿಂಗಳಲ್ಲಿ ಐದನ್ನು ಹೊಂದಿಸಿದ್ದರು.

“ಇವ್ನು ಡಿಸ್ಕಿಗೆ ಬರ್ತಾನೋ, ನಮ್ಮ ಟೀಗೆ ಬರ್ತಾನೋ!” ಎಂದು ಮುನಿರಾಜು ಛೇಡಿಸುತ್ತಿದ್ದ.

“ಟೀಗೇ ಅಣ್ಣ. ನಿಮ್ಮ ಡಿಸ್ಕಿನ ರೇಟ್ ಕೇಳಿದ್ರೆ ಯಾರು ಬರ್ತಾರೆ?”

ವೇಣಿ ತಲೆ ತಗ್ಗಿಸಿ ನಗುತ್ತಿದ್ದಳು. ತಾನು ಮಾತಾಡದಿದ್ದರೂ ಬೇಸರಪಡದೆ ಜತೆಗೆ ನಡೆದವನು ಅವನೊಬ್ಬನೇ.

ಶ್ರಾವಣದ ಒಂದು ಶನಿವಾರ ಗುಜರಿಯೊಂದರ ಮೂಲೆಯಿಂದ ದೀಪುವೇ ಕೂಗಿದ, “ಇಲ್ನೋಡ್ರೀ, ಎಂಟು ತೂತು!” ವೇಣಿ ಟೇಪು ಹಿಡಿದಳು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಇದು ಸಿಕ್ಕಿದರೆ ಶನಿವಾರಗಳು ಮುಗಿದಂತೆ.

“ಇಲ್ಲ,” ಎಂದಳು. “ನಡುವಿನ ತೂತು ದೊಡ್ಡದು.”

ಸೋಮವಾರ ಒಬ್ಬಳೇ ಹೋಗಿ ಅದನ್ನು ಕೊಂಡು ತಂದಳು. ದೀಪಾವಳಿ ಕಳೆದ ಮೇಲೆ, ಈಗಷ್ಟೇ ಸಿಕ್ಕಿತೆಂದು ಕೊಟ್ಟರಾಯಿತು ಎಂದುಕೊಂಡಳು. ಆಮೇಲೂ ಏಳೆಂಟು ಶನಿವಾರ ಸುತ್ತಿದರು. ಅವನು ಹುಡುಕಿದ, ಅವಳು ಜತೆಗೆ ನಡೆದಳು.

ಆಯುಧಪೂಜೆ ಕಳೆದು ಎರಡು ದಿನಕ್ಕೆ ದೀಪು ಗೂಡ್ಸ್ ಆಟೋದಲ್ಲಿ ಐದೂ ಡಿಸ್ಕ್ ಹೇರಿಕೊಂಡು ಬಂದ.

“ಇನ್ಯಾರಿಗಾದ್ರೂ ಆಗತ್ತೆ, ಇಟ್ಕೊಳ್ರಿ. ಲಾರಿ ಗುಜರಿಗೆ ಹೋಯ್ತು.”

“ಯಾಕೆ?”

“ಹಬ್ಬಕ್ಕೆ ಓಡಿಸಿ ತೋರ್ಸು, ಇಲ್ಲಾಂದ್ರೆ ಜಾಗ ಖಾಲಿ ಮಾಡು ಅಂದಿದ್ರು ದೊಡ್ಡಪ್ಪ. ಹೇಳಿದ್ರೆ ನೀವು ಟೆನ್ಷನ್ ಮಾಡ್ಕೊತೀರ ಅಂತ ಸುಮ್ನಿದ್ದೆ. ಇನ್ನಾರು ತಿಂಗ್ಳು ಟೈಮ್ ಕೇಳ್ಬೋದಿತ್ತು. ನಿಮ್ಗೇ ಸಿಗ್ಲಿಲ್ಲ ಅಂದ್ಮೇಲೆ ಎಲ್ಲೂ ಇಲ್ಲ ಅಂತ ನಾನೇ ಹೂಂ ಅಂದ್ಬಿಟ್ಟೆ. ಲಾರಿಗೆ ಗ್ಯಾಸ್ ಕಟರ್ ಇಟ್ಟಾಗ ಅಲ್ಲೇ ನಿಂತಿದ್ದೆ ಕಣ್ರೀ. ಬಾಗಿಲ ಮೇಲೆ ತಾತನ ಹೆಸ್ರಿತ್ತು.”

ಸುಮ್ಮನಿದ್ದುಬಿಡಬಹುದಿತ್ತು. ವೇಣಿಗೆ ಆಗಲಿಲ್ಲ.

“ಶ್ರಾವಣದಲ್ಲಿ ನೀವು ತೋರ್ಸಿದ್ರಲ್ಲ... ಅದು ಸೇರ್ತಿತ್ತು.”

ಅವನು ಸಣ್ಣಗೆ ನಕ್ಕ. “ಸಮಾಧಾನಕ್ಕೆ ಹೇಳ್ಬೇಡಿ. ನಿಮ್ಮ ಅಳತೆ ತಪ್ಪಲ್ಲ.”

“ಅಳತೆ ತಪ್ಪಿರ್ಲಿಲ್ಲ.”

ಅವನ ನಗು ಅಲ್ಲೇ ನಿಂತಿತು. “ಮತ್ಯಾಕ್ರೀ?”

ಇಷ್ಟು ತಿಂಗಳು ಆಡದ ಮಾತನ್ನು ಈಗ ಆಡಿದರೆ ಅದು ಬರೀ ಸಬೂಬು. ದೀಪು ಕಾದ, ತುಸು ಹೊತ್ತು ನಿಜವಾಗಿಯೂ ಕಾದ. ಆಮೇಲೆ ಆಟೋದವನತ್ತ ತಿರುಗಿ, “ಇಳಿಸಣ್ಣ,” ಎಂದ.

ಐದೂ ಒಂದೊಂದಾಗಿ ನೆಲಕ್ಕೆ ಬಿದ್ದವು. ಅವಳು ತಲೆಯೆತ್ತಿದಾಗ ಆಟೋ ತಿರುವು ದಾಟಿತ್ತು.