ಕೆಳಚಕ್ರದ ಬೇರಿಂಗು

ಮೇಲೊಂದು ಕೆಳಗೊಂದು ಚಕ್ರದ ಮೇಲೆ ಪಟ್ಟಿಯಂತೆ ಬ್ಲೇಡು ಓಡುವ ಗರಗಸದ ಕೆಳಚಕ್ರಕ್ಕೆ ಹತ್ತಿದ್ದ ಹೊಟ್ಟನ್ನು ವಿನೀತಾ ಬ್ರಷ್ಷಿನಿಂದ ಕೆರೆದು ತೆಗೆಯುತ್ತಿದ್ದಳು. ಹಲಸಿನ ಮರದ ಹೊಟ್ಟು ಗಟ್ಟಿಯಾಯಿತೆಂದರೆ ಬ್ಲೇಡು ನಡುಗುತ್ತದೆ, ನಡುಗಿದ ಬ್ಲೇಡು ಜಾರುತ್ತದೆ. ಜಾರಿದಾಗ ಅದರ ಎದುರು ನಿಂತಿರುವವನು ಅವಳ ಗಂಡ ಅಂಟನ್. ಇಪ್ಪತ್ತೆರಡು ವರ್ಷಗಳಿಂದ ಈ ಕೆಲಸವನ್ನು ಅವಳು ಯಾರಿಗೂ ಬಿಟ್ಟಿರಲಿಲ್ಲ.

"ಆಯ್ತಾ? ಮುಚ್ಚಳ ಹಾಕಿ ಸ್ವಿಚ್ ಒತ್ತು," ಎಂದ ಅಂಟನ್, ಬೆಲ್ಲ ಕಚ್ಚಿಕೊಂಡು ಕಪ್ಪು ಚಹಾ ಗುಟುಕರಿಸುತ್ತ.

ಯಂತ್ರ ತಿರುಗಿತು. ಅವನು ತೇಗದ ಕೋಲಿನ ಒಂದು ತುದಿಯನ್ನು ಬೇರಿಂಗಿನ ಕವಚದ ಮೇಲಿಟ್ಟು, ಇನ್ನೊಂದು ತುದಿಗೆ ಕಿವಿ ಹಚ್ಚಿ ಕಣ್ಣು ಮುಚ್ಚಿದ. ಶ್ರೀಲಂಕಾದ ಮೊರಟುವಾ ಊರಿನ ಆ ಓಣಿಯಲ್ಲಿ ಮನೆಗೊಂದು ಮರಗೆಲಸದ ಕೊಟ್ಟಿಗೆ. ಯಾರ ಯಂತ್ರ ಕೆಮ್ಮಿದರೂ ಅಂಟನ್ ಹೀಗೆ ಕೇಳಿ ಹೇಳಿದ್ದೇ ಕೊನೆಯ ಮಾತು.

"ಜೇನುಹುಳದ ಥರ ಹಾಡ್ತಿದೆ."

ಪಕ್ಕದ ಮನೆಯ ಲೀಲಾನಂದ ಬಾಗಿಲಲ್ಲಿ ನಿಂತಿದ್ದ, ಮುಂಗೈಗೆ ಬ್ಯಾಂಡೇಜು. "ಅಂಟನ್ ಅಯ್ಯಾ, ನನ್ನ ಹಲಗೆ ಹೆರೆಯೋ ಮೆಷಿನ್ನೂ ಹಾಡ್ತಿದೆ ಅಂದಿದ್ರಿ. ಮೂರೇ ದಿನಕ್ಕೆ ಬೇರಿಂಗ್ ಕಚ್ಕೊಂಡು, ಬೆಲ್ಟ್ ಹರಿದು ಕೈಗೆ ಬಾರಿಸ್ತು. ಎಂಥಾ ಹಾಡು ಅದು, ಮದುವೇಲಿ ಕುಣಿಯೋ ಬೈಲಾನಾ?"

ಅಂಟನ್‌ನ ಮುಖ ಬಿಗಿಯಿತು.

"ನಿನ್ನ ಬೆಲ್ಟೇ ಹಳೇದು ತಮ್ಮಾ. ಬದಲಾಯಿಸು ಅಂತ ಹೋದ ವರ್ಷವೇ ಇವರು ಹೇಳಿದ್ರಲ್ಲ," ಎಂದಳು ವಿನೀತಾ. ಹಾಗೆ ಯಾರೂ ಹೇಳಿರಲಿಲ್ಲ.

ಲೀಲಾನಂದ ಗೊಣಗುತ್ತ ಹೋದ. ಅಂಟನ್ ಹಲಗೆ ತರಲು ತಿರುಗಿದಾಗ ಅವಳೇ ಕೋಲಿಗೆ ಕಿವಿ ಹಚ್ಚಿದಳು. ಯಾರೋ ಮರಳು ಅಗಿಯುತ್ತಿರುವ ಸದ್ದು.

"ಇಲ್ಲಿ ಕೇಳಿ, ಕರಕರ ಅಂತಿದೆ."

ಅವನು ಮತ್ತೆ ಕೇಳಿದ, ಈ ಸಲ ತುಂಬ ಹೊತ್ತು. "ನಿನ್ನ ತಲೆಯೊಳಗೆ ಕರಕರ. ಅವನು ಹುಳ ಬಿಟ್ಟು ಹೋದ, ನೀನು ಸಾಕ್ಕೊಂಡೆ."

ಹೋದ ವಾರ, ಹಾಡು ಹಾಕಿಕೊಂಡು ಬ್ರೆಡ್ಡು ಮಾರುವ ಆಟೋ ಗೇಟಿನಲ್ಲೇ ನಿಂತು ಕೂಗುತ್ತಿದ್ದರೂ, "ಬ್ರೆಡ್ಡಿನವನು ಇವತ್ತು ಯಾಕೋ ಬರಲೇ ಇಲ್ಲ" ಎಂದಿದ್ದ ಅಂಟನ್. ಅವಳು ಅದನ್ನು ತಮಾಷೆ ಎಂದುಕೊಂಡಿದ್ದಳು.

ಹಲಗೆ ಬ್ಲೇಡಿನತ್ತ ಸರಿಯಿತು, ಅದರ ಹಿಂದೆ ಅವನ ಬೆರಳುಗಳು. ವಿನೀತಾ ಕವಚ ಮುಟ್ಟಿ ನೋಡಿದಳು. ಕೈ ಇಡಲಾಗದಷ್ಟು ಬಿಸಿ. ಕೆಂಪು ಸ್ವಿಚ್ ಒತ್ತಿಬಿಟ್ಟಳು.

"ಏನಾಯ್ತೇ?"

"ಬ್ಲೇಡಿನ ಬೆಸುಗೇಲಿ ಬಿರುಕು ಕಂಡ ಹಾಗಾಯ್ತು."

ಬ್ಲೇಡು ನೋಡುವುದು ಅವಳ ಪಾಲಿನ ಕೆಲಸ. ಅದರಲ್ಲಿ ಅವನು ವಾದಿಸುತ್ತಿರಲಿಲ್ಲ. ಬಿಚ್ಚಿ ಬೆರಳಾಡಿಸಿದ. "ಎಲ್ಲೇ? ನಂಗೇನೂ ಕಾಣ್ತಿಲ್ಲ."

"ಕನ್ನಡಕ ಹಾಕದೆ ಏನು ಕಾಣುತ್ತೆ?"

"ಹಾಕಿದ್ರೆ ನಿನ್ನ ಮುಖಾನೂ ಕಾಣುತ್ತಲ್ಲ, ಅದೇ ಭಯ." ನಗುತ್ತ ಬ್ಲೇಡನ್ನು ಸುರುಳಿ ಸುತ್ತಿ, ಬೆಸುಗೆಯವನ ಅಂಗಡಿಗೆ ಸೈಕಲ್ಲು ಹತ್ತಿದ.

ಬಿರುಕೇ ಇಲ್ಲ ಎಂದು ಬೆಸುಗೆಯವನು ನಕ್ಕು ಕಳಿಸುತ್ತಾನೆ. ನಗಲಿ. ತಪ್ಪು ತನ್ನ ಕಣ್ಣಿನದೆಂದೇ ಆಗಲಿ. ಹೋಗಿಬರಲು ಒಂದು ಗಂಟೆಯಾದರೂ ಬೇಕು. ಕಪಾಟಿನಲ್ಲಿ ಹೊಸ ಬೇರಿಂಗ್ ಇದೆ. ಈ ಚಕ್ರ ಬಿಚ್ಚುವಾಗ ಯಾವುದರ ನಂತರ ಯಾವ ಸ್ಪ್ಯಾನರ್ ಎಂದು ಇಷ್ಟು ವರ್ಷ ಅವನ ಕೈಗೆ ಕೊಟ್ಟವಳು ಅವಳೇ. ಇವತ್ತು ಅವನು ಬರುವುದರೊಳಗೆ ಇದನ್ನು ಬದಲಾಯಿಸುವುದು. ನಾಳೆಯಿಂದ ಅವನು ಸ್ನಾನಕ್ಕೆ ಹೋದಾಗ ಮೊದಲು ತಾನು ಕೋಲಿಗೆ ಕಿವಿ ಹಚ್ಚುವುದು, ಆಮೇಲೆ ಅವನು ಕೇಳಲಿ, ಹಾಡ್ತಿದೆ ಅನ್ನಲಿ.

ವಿನೀತಾ ಸೆರಗು ಸಿಕ್ಕಿಸಿ, ಮೊದಲ ಬೋಲ್ಟಿಗೆ ಸ್ಪ್ಯಾನರ್ ಹಾಕಿದಳು.